ಶುಕ್ರವಾರದ ರುಜು

ಯೋರ್ಸ್‌ಬಿ
೮ ಸೆಪ್ಟೆಂಬರ್ ೨೦೧೮

ನಮಸ್ಕಾರ ಫೋಲ್ಕರ್ಟ್,

ಲಕೋಟೆಯ ಹಿಂದಿನ ಹೆಸರು ನೋಡಿಯೂ ಇದನ್ನು ಒಲೆಗೆ ಹಾಕದೆ ಒಡೆದಿದ್ದರೆ ಅಷ್ಟಕ್ಕೇ ನಿನಗೆ ಉಪಕಾರ ಹೇಳಬೇಕು. ಏಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ರಾಜಿಗಲ್ಲ. ಹೆದರಿಕೆಯಾಗಿದೆ, ಅದಕ್ಕೆ.

ನನ್ನ ಗಂಡ ಡೆಟ್ಲೆಫ್ ಜೂನ್ ಹತ್ತೊಂಬತ್ತಕ್ಕೆ ತೀರಿಕೊಂಡ. ನಿನಗೆ ಯಾರಾದರೂ ಹೇಳಿರುತ್ತಾರೆ, ದೋಣಿ ಕಟ್ಟುವವರ ಬಾಯಲ್ಲಿ ಸುದ್ದಿ ನಿಲ್ಲುವುದು ಯಾವಾಗ? ನೀನು ಬರಲಿಲ್ಲ. ಇಪ್ಪತ್ತಾರಕ್ಕೆ ಮಣ್ಣು ಮಾಡುವಾಗ ನಾನು ಗೇಟಿನ ಕಡೆ ಎರಡು ಸಲ ನೋಡಿದೆ, ಮೂರನೇ ಸಲ ನೋಡಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ದೋಣಿ ಕಟ್ಟುವ ಅಂಗಳದಲ್ಲಿ ಟೊಮ್ಕೆ ಎಂಬ ಹುಡುಗಿ ಮೂರು ವರ್ಷದಿಂದ ಅಪ್ರೆಂಟಿಸ್ ಆಗಿದ್ದಾಳೆ. ಇಪ್ಪತ್ತು ವರ್ಷ. ಹಬೆಯಲ್ಲಿ ಮೆತ್ತಗಾದ ಓಕ್ ಹಲಗೆಯನ್ನು ಅವಳು ಬಗ್ಗಿಸುವುದು ನೋಡಿದರೆ ನಿನ್ನ ಸಿಡುಕು ಮುಖವೂ ಸಡಿಲವಾದೀತು. ಜನವರಿಗೆ ಅವಳ ಕೊನೆಯ ಪರೀಕ್ಷೆ. ಅಕ್ಟೋಬರ್ ಮೂವತ್ತರೊಳಗೆ ಅವಳ ವಾರದ ಪುಸ್ತಕ ಪೂರ್ತಿಯಾಗಿ ಸಲ್ಲಿಸಬೇಕು, ಕಲಿಸುತ್ತಿರುವ ಮೇಸ್ತ್ರಿಯ ಹೆಸರು ತಿಳಿಸಬೇಕು ಎಂದು ಕಸಬಿನ ಮಂಡಳಿಯಿಂದ ಕಾಗದ ಬಂದಿದೆ.

ಮೇಸ್ತ್ರಿ ಎಲ್ಲಿದ್ದಾನೆ ಫೋಲ್ಕರ್ಟ್? ಚರ್ಚಿನ ಹಿಂದೆ ಮಣ್ಣಿನಡಿ ಇದ್ದಾನೆ. ಅಂಗಳದಲ್ಲಿ ಇರುವವರು ನಾನು ಮತ್ತು ಟೊಮ್ಕೆ, ಇಬ್ಬರ ಹತ್ತಿರವೂ ಮೇಸ್ತ್ರಿ ಪದವಿ ಇಲ್ಲ. ಮಂಡಳಿಗೆ ಕೂಡಲೇ ತಿಳಿಸಬೇಕಿತ್ತು. ಮಣ್ಣು ಮಾಡಿ ಆಗಲಿ ಅಂದುಕೊಂಡೆ, ಬೇಸಿಗೆಯ ದೋಣಿಗಳು ಹೋಗಲಿ ಅಂದುಕೊಂಡೆ. ಅಷ್ಟರಲ್ಲಿ ಹನ್ನೊಂದು ವಾರ ಕಳೆದವು. ಈಗ ತಿಳಿಸಿದರೆ ಅವಳನ್ನು ನನ್ನ ಕೈಯಿಂದ ಕಿತ್ತುಕೊಳ್ಳುತ್ತಾರೆ. ಪರೀಕ್ಷೆಗೆ ನಾಲ್ಕು ತಿಂಗಳಿರುವಾಗ ಬೇರೆ ಅಂಗಳ ಎಲ್ಲಿ ಸಿಗುತ್ತದೆ?

ನಿನಗೆ ಪದವಿ ಇದೆ. ಫೆಬ್ರವರಿಯವರೆಗೆ ಬಂದು ಇರುತ್ತೀಯಾ? ಮೇಲಿನ ಕೋಣೆ ಖಾಲಿ ಇದೆ. ನನ್ನ ಜೊತೆ ಮಾತಾಡಲೇಬೇಕೆಂದಿಲ್ಲ.

ಇಂಕೆನ್


ಗ್ರೀಟ್‌ಹೂಜನ್
೧೫ ಸೆಪ್ಟೆಂಬರ್

ಇಂಕೆನ್,

ಪತ್ರ ಸೇರಿತು.

ಬರುತ್ತೇನೆ, ಬರುವುದಿಲ್ಲ ಎನ್ನುವ ಮೊದಲು ಒಂದು ಪ್ರಶ್ನೆ. ಜೂನ್ ಹತ್ತೊಂಬತ್ತರಿಂದ ಈಚೆಗೆ ಆ ಹುಡುಗಿಯ ಪುಸ್ತಕಕ್ಕೆ ಯಾರು ರುಜು ಹಾಕುತ್ತಿದ್ದಾರೆ?

ಅಪ್ರೆಂಟಿಸ್ ಇಟ್ಟುಕೊಳ್ಳುವುದೆಂದರೆ ಕೈಗೊಂದು ಉಳಿ ಕೊಟ್ಟು ಮೂಲೆಯಲ್ಲಿ ನಿಲ್ಲಿಸುವುದಲ್ಲ, ಇದು ನಿನಗೂ ಗೊತ್ತು. ಒಪ್ಪಂದವನ್ನು ಮಂಡಳಿಯಲ್ಲಿ ನೋಂದಾಯಿಸಬೇಕು. ಕಲಿಸಲು ಅರ್ಹನಾದ ಒಬ್ಬ ಮನುಷ್ಯ ನಿಜವಾಗಿಯೂ ಅಲ್ಲಿ ನಿಂತಿರಬೇಕು. ಅವನು ಬದಲಾದರೆ ತಡಮಾಡದೆ ತಿಳಿಸಬೇಕು. ಶಾಲೆಯ ದಿನ ಶಾಲೆಗೆ ಬಿಡಬೇಕು. ಅವಳು ವಾರವಾರ ಏನು ಕಲಿತಳೆಂದು ಬರೆದದ್ದನ್ನು ಓದಬೇಕು, ಓದಿದ ಮೇಲೆ ರುಜು ಹಾಕಬೇಕು. ತಪ್ಪಿದರೆ ದಂಡ, ಇನ್ನು ಮುಂದೆ ಅಪ್ರೆಂಟಿಸ್ ಇಡುವಂತಿಲ್ಲ ಎಂಬ ಆಜ್ಞೆ. ಇದೆಲ್ಲ ತಡ ಮಾಡಿದವರಿಗೆ. ರುಜು ಬೇರೆ ಯಾರದೋ ಆಗಿದ್ದರೆ ಮಾತೇ ಬೇರೆ.

ಯಾರ ರುಜು?

ಫೋ. ಯೆಸೆನ್


ಯೋರ್ಸ್‌ಬಿ
೧೯ ಸೆಪ್ಟೆಂಬರ್

ಫೋಲ್ಕರ್ಟ್,

ನಿನ್ನ ಕೊನೆಯ ಸಾಲು ಓದಿದೆ. ಹುಳುಕು ಹಲಗೆಯನ್ನು ಬೆರಳಲ್ಲಿ ಬಡಿದು ಪತ್ತೆ ಮಾಡುತ್ತಿದ್ದವನು, ಮನುಷ್ಯರನ್ನೂ ಹಾಗೇ ಬಡಿಯುತ್ತೀಯ.

ನನ್ನದು. ರುಜು ನನ್ನದು, ಹೆಸರು ಅವನದು.

ನೀನು ನಮ್ಮಲ್ಲಿ ಕೆಲಸ ಬಿಟ್ಟುಹೋದ ಚಳಿಗಾಲದಲ್ಲೇ ಶುರುವಾಯಿತು. ಅವನಿಗೆ ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಶುಕ್ರವಾರ ಎರಡು ಗಂಟೆಗೆ ಹುಡುಗರು ಪುಸ್ತಕವನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಅವನು ಓದುತ್ತಿದ್ದ, ಗೊಣಗುತ್ತಿದ್ದ, "ಹಾಕು" ಅನ್ನುತ್ತಿದ್ದ. ನಾನು ಡಿ ಅಕ್ಷರಕ್ಕೆ ಅವನ ಹಾಗೆ ಉದ್ದ ಬಾಲ ಎಳೆದು "ಡಿ. ಆಸ್ಮುಸೆನ್" ಎಂದು ಬರೆಯುತ್ತಿದ್ದೆ. ಏಳು ವರ್ಷ. ಮಂಡಳಿಗೆ ಹೇಳಿದರೆ ಕಲಿಸುವ ಹಕ್ಕು ಹೋದೀತು ಎಂಬ ಭಯ ಅವನಿಗೆ, ಅವನು ಕುಗ್ಗಿಹೋದಾನು ಎಂಬ ಭಯ ನನಗೆ. ಕೊನೆಯ ಎರಡು ವರ್ಷ ಓದುವುದೂ ನಿಂತಿತ್ತು. ಬರೀ "ಹಾಕು" ಉಳಿದಿತ್ತು.

ಅವನು ಸತ್ತು ಮೂರು ದಿನಕ್ಕೆ ಶುಕ್ರವಾರ ಬಂತು. ಇನ್ನೂ ಮಣ್ಣಾಗಿರಲಿಲ್ಲ. ಶವಪೆಟ್ಟಿಗೆಯವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ, ಮೇಜಿನ ಮೇಲೆ ಪುಸ್ತಕ ಇತ್ತು, ಎಂದಿನ ಹಾಗೆ ತೆರೆದು ಹಾಕಿದೆ. ಯಾರೂ "ಹಾಕು" ಅನ್ನಲಿಲ್ಲ ಎಂಬುದು ಹೊಳೆದದ್ದು ಮುಚ್ಚಿದ ಮೇಲೆ. ಆಮೇಲೆ ಮುಂದಿನ ಶುಕ್ರವಾರ ಬಂತು. ಹಿಂದಿನದು ಇದ್ದ ಮೇಲೆ ಇದೊಂದು ಬಿಟ್ಟರೆ ಕಾಣುತ್ತದಲ್ಲ ಎಂದು ಅದಕ್ಕೂ ಹಾಕಿದೆ. ಒಟ್ಟು ಹದಿಮೂರು ಸಲ.

ಇದಕ್ಕೆ ಜೈಲು ಇದೆಯೇ? ಹೇಳು. ನೀನಾದರೆ ಸಮಾಧಾನಕ್ಕೆ ಸುಳ್ಳು ಹೇಳುವುದಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ಇಂಕೆನ್


ಯೋರ್ಸ್‌ಬಿ
೨೧ ಸೆಪ್ಟೆಂಬರ್

ಫೋಲ್ಕರ್ಟ್,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಇವತ್ತೂ ಶುಕ್ರವಾರ. ಟೊಮ್ಕೆ ಪುಸ್ತಕ ಇಟ್ಟು ಹೋದಳು. ರುಜು ಹಾಕಲು ಕೈ ಬರಲಿಲ್ಲ, ಹಿಂದಿನ ಪುಟಗಳನ್ನು ಓದಲು ಕೂತೆ. ಮೊದಲ ಸಲ ಓದಿದೆ ಎಂದರೆ ನಗಬೇಡ.

ಜೂನ್ ಇಪ್ಪತ್ತೊಂಬತ್ತರ ಪುಟದಲ್ಲಿ ಅವಳ ದುಂಡು ಅಕ್ಷರದಲ್ಲಿ ಹೀಗಿದೆ: "ಸೋಮವಾರ: ಅಂಗಳ ಗುಡಿಸಿದೆ, ಉಪಕರಣಗಳಿಗೆ ಎಣ್ಣೆ ಹಚ್ಚಿದೆ. ಮಂಗಳವಾರ: ಮೇಸ್ತ್ರಿಯವರನ್ನು ಮಣ್ಣು ಮಾಡಿದೆವು. ಪೆಟ್ಟಿಗೆಗೆ ನಾನೂ ಹೆಗಲು ಕೊಟ್ಟೆ. ಬುಧವಾರದಿಂದ: ಚಿಕ್ಕ ದೋಣಿಯ ಹಲಗೆ ಸಂದುಗಳಿಗೆ ನಾರು ತುಂಬುವುದನ್ನು ಯಜಮಾನ್ತಿ ಹೇಳಿಕೊಟ್ಟರು."

ಅದರ ಕೆಳಗೆ, ಓದಿದ್ದೇನೆ, ಸರಿಯಾಗಿದೆ ಎಂಬ ಸಾಲಿನಲ್ಲಿ: ಡಿ. ಆಸ್ಮುಸೆನ್. ಬಾಲ ಸಮೇತ.

ತನ್ನನ್ನು ಮಣ್ಣು ಮಾಡಿದ್ದು ಸರಿಯಾಗಿದೆ ಎಂದು ನನ್ನ ಗಂಡ ರುಜು ಹಾಕಿಕೊಟ್ಟಿದ್ದಾನೆ ಫೋಲ್ಕರ್ಟ್! ಮೊದಲು ಜೋರಾಗಿ ನಕ್ಕುಬಿಟ್ಟೆ. ಆಮೇಲೆ ಎದ್ದು ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಿ ಬಂದೆ. ಮಂಡಳಿಯಲ್ಲಿ ಇದನ್ನು ತೆರೆಯುವವರು ಕುರುಡರಾಗಿದ್ದರೂ ಕಂಡುಹಿಡಿಯುತ್ತಾರೆ. ಆಗ ಪುಸ್ತಕ ಸುಳ್ಳು, ಪುಸ್ತಕ ಸುಳ್ಳಾದರೆ ಮೂರು ವರ್ಷ ಸುಳ್ಳು, ಅವಳಿಗೆ ಪರೀಕ್ಷೆ ಇಲ್ಲ.

ಒಂದೇ ದಾರಿ ಕಾಣುತ್ತಿದೆ. ಆ ಹಾಳೆಗಳನ್ನು ತೆಗೆದು, ಅವಳ ಕೈಲಿ ಹೊಸದಾಗಿ ಬರೆಸುತ್ತೇನೆ. ಜೂನ್‌ನಿಂದಲೇ ನೀನು ವಾರಕ್ಕೆರಡು ದಿನ ಬಂದು ಕಲಿಸುತ್ತಿದ್ದೆ ಎಂದಾಗಲಿ. ನೀನು ಹದಿನಾಲ್ಕು ರುಜು ಹಾಕಿದರೆ ಸಾಕು. ನಿನ್ನದೇ ಹೆಸರು, ನಿನ್ನದೇ ಕೈ. ಅದರಲ್ಲಿ ಸುಳ್ಳೆಲ್ಲಿದೆ?

ಇಂಕೆನ್


ಗ್ರೀಟ್‌ಹೂಜನ್
೨೭ ಸೆಪ್ಟೆಂಬರ್

ಇಂಕೆನ್,

ಆಗುವುದಿಲ್ಲ.

ನಾನು ನಿಂತಿರದ ಜಾಗದಲ್ಲಿ ನಿಂತಿದ್ದೆ ಎಂದು ಬರೆಯಲಾರೆ. ಈಗ ತಪ್ಪು ನಿನ್ನೊಬ್ಬಳದು. ಹಾಗೆ ಮಾಡಿದರೆ ನನ್ನದೂ ಆಗುತ್ತದೆ, ಅದು ಹಾಳಾಗಿ ಹೋಗಲಿ, ಆ ಹುಡುಗಿಯದೂ ಆಗುತ್ತದೆ. ಇವತ್ತಿನವರೆಗೆ ಆ ಪುಸ್ತಕದಲ್ಲಿ ನಿಜ ಬರೆದವಳು ಅವಳೊಬ್ಬಳೇ. ಅವಳ ಕೈಲೂ ಸುಳ್ಳು ಬರೆಸಿದರೆ ಪರೀಕ್ಷೆಯ ಹೊತ್ತಿಗೆ ಅವಳ ಹತ್ತಿರ ಏನು ಉಳಿಯುತ್ತದೆ?

ಜೈಲಿನ ಬಗ್ಗೆ ನೀನು ಕೇಳಿದ್ದೆ. ಕಾನೂನಿನ ಪುಸ್ತಕದಲ್ಲಿ ಇದೆ. ನಿನಗೆ ಆಗುತ್ತದೆಂದು ನನಗೆ ಅನ್ನಿಸುವುದಿಲ್ಲ. ಆದರೆ ನಾನು ದೋಣಿಯವನು, ವಕೀಲನಲ್ಲ.

ನೀನೇ ಹೋಗಿ ಮಂಡಳಿಗೆ ಹೇಳು. ಹೇಳಿದ ಮರುದಿನ ಬರುತ್ತೇನೆ.

ಇನ್ನೊಂದು ಮಾತು. ಅವನ ಕೈ ನಡುಗುವುದನ್ನು ಮೊದಲು ನೋಡಿದವನು ನಾನು. ಗರಗಸದ ಮುಂದೆ, ಹುಡುಗರ ಎದುರಿಗೇ ಹೇಳಿದೆ: "ಇಂಥಾ ಕೈ ಇಟ್ಕೊಂಡು ಮಿಷಿನ್ ಹತ್ರ ನಿಲ್ತೀಯಲ್ಲೋ, ಯಾರ ಬೆರಳು ಹಾರಿಸ್ಬೇಕು ಅಂತಿದೀಯ?" ಹೇಳಿದ್ದು ನಿಜ. ಹೇಳಿದ ಜಾಗ ಸರಿಯಿರಲಿಲ್ಲ. ಅವನು ಬಾಗಿಲು ತೋರಿಸಿದ, ನಾನು ಹೋದೆ. ಜೂನ್‌ನಲ್ಲಿ ನಿನಗೊಂದು ಕಾರ್ಡು ಬರೆದೆ. ಅಂಚೆಗೆ ಹಾಕಲಿಲ್ಲ.

ಫೋಲ್ಕರ್ಟ್


ಯೋರ್ಸ್‌ಬಿ
೪ ಅಕ್ಟೋಬರ್

ಫೋಲ್ಕರ್ಟ್,

ಹೇಳಿದ ಮರುದಿನ ಬರುತ್ತಾನಂತೆ! ಬೆಂಕಿ ಆರಿದ ಮೇಲೆ ನೀರು ತರುವವನ ಹಾಗೆ. ನಿನ್ನ ಪತ್ರ ಓದಿ ಮೈಯೆಲ್ಲ ಉರಿದುಹೋಯಿತು. ನೀನಿಲ್ಲದೆಯೂ ನಡೆಯುತ್ತದೆ ಎಂದು ಟೊಮ್ಕೆಯನ್ನು ಕರೆದು ಕೂರಿಸಿದೆ. ಜೂನ್‌ನಿಂದಲೇ ನೀನಿದ್ದೀಯ ಎಂದು ಮೊದಲು ಬರೆಸೋಣ, ಆಮೇಲೆ ನಿನ್ನ ಕಾಲು ಹಿಡಿಯೋಣ ಅಂದುಕೊಂಡಿದ್ದೆ.

ಅವಳು ಇಲ್ಲ ಅನ್ನಲಿಲ್ಲ. "ಆಯ್ತು ಯಜಮಾನ್ತಿ, ಬರೀತೀನಿ" ಅಂದಳು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ ಕೇಳಿದಳು: "ಮಣ್ಣು ಮಾಡಿದ ವಾರ ಏನಂತ ಬರೀಲಿ?"

"ಏನಾದ್ರೂ ಬರಿ. ಬಣ್ಣ ಹೊಡೆದೆ ಅಂತ ಬರಿ."

"ಮಂಗಳವಾರನೂವಾ?"

"ಮಂಗಳವಾರನೂ."

ಮೂರು ಪುಟ ಬರೆದಳು. ಮಧ್ಯಾಹ್ನ ಹಬೆ ಪೆಟ್ಟಿಗೆಯಿಂದ ಹಲಗೆ ತೆಗೆದು ದೋಣಿಯ ಪಕ್ಕೆಗೆ ಕೂರಿಸಬೇಕಿತ್ತು. ಒಂದು ನಿಮಿಷದ ಕೆಲಸ, ಅಷ್ಟರಲ್ಲಿ ಬಗ್ಗದಿದ್ದರೆ ಸೀಳುತ್ತದೆ. ಅವಳು ನೂರು ಸಲ ಮಾಡಿದ್ದಾಳೆ. ಇವತ್ತು ಸೀಳಿತು, ಬಿಸಿ ಹಲಗೆ ಜಾರಿ ಅವಳ ಮುಖದ ಪಕ್ಕದಲ್ಲೇ ಹಾರಿಹೋಯಿತು. ಗಾಯವಿಲ್ಲ. ಅವಳು ಕೈಗವಸು ಬಿಚ್ಚಿ ನೆಲದ ಮೇಲೆ ಕೂತಳು. ಅವಳ ಕೈ ನಡುಗುತ್ತಿತ್ತು ಫೋಲ್ಕರ್ಟ್. ಏಳು ವರ್ಷ ನಾನು ಮುಚ್ಚಿಟ್ಟ ನಡುಕ ಈಗ ಇಪ್ಪತ್ತು ವರ್ಷದವಳ ಕೈಗೆ ಬಂದಿತ್ತು, ಮತ್ತು ಅದನ್ನು ತಂದವಳು ನಾನು.

ಮೂರೂ ಪುಟ ಒಲೆಗೆ ಹಾಕಿದೆ. ಹಳೆಯ ಪುಟಗಳು ಇದ್ದ ಹಾಗೇ ಇವೆ.

ಮಂಡಳಿಗೆ ಹೋಗುತ್ತೇನೆ ಎಂದು ಬರೆಯಬೇಕು ಎಂದು ಪೆನ್ನು ಹಿಡಿದೆ. ಆದರೆ ಹೊಸ ಭಯವೊಂದು ಹೊಕ್ಕಿದೆ. ಟೊಮ್ಕೆಗಿಂತ ಮೊದಲು ಇಲ್ಲಿ ಕಲಿತ ಆರ್ಯಾನ್, ಬೋಯೆ ಇಬ್ಬರ ಪುಸ್ತಕಕ್ಕೂ ರುಜು ನನ್ನದೇ. ಈಗ ಅವರು ದುಡಿದು ಮನೆ ಮಾಡಿಕೊಂಡಿದ್ದಾರೆ, ಬೋಯೆಗೆ ಅವಳಿ ಮಕ್ಕಳು. ಈ ಒಂದು ದಾರ ಎಳೆದರೆ ಅವರ ಸರ್ಟಿಫಿಕೇಟೂ ಬಿಚ್ಚಿಕೊಂಡು ಬರುತ್ತದೆಯೇ? ಹಾಗಿದ್ದರೆ ನಾನು ಬಾಯಿ ತೆರೆಯಲಾರೆ.

ಇಂಕೆನ್


ಯೋರ್ಸ್‌ಬಿ
೧೨ ಅಕ್ಟೋಬರ್

ಮಾನ್ಯ ಯೆಸೆನ್ ಅವರಿಗೆ,

ನಾನು ಟೊಮ್ಕೆ, ಆಸ್ಮುಸೆನ್ ಅಂಗಳದ ಅಪ್ರೆಂಟಿಸ್. ನಿಮ್ಮ ವಿಳಾಸ ಯಜಮಾನ್ತಿಯವರ ಲಕೋಟೆಯ ಮೇಲೆ ನೋಡಿಕೊಂಡೆ. ಅವರಿಗೆ ಹೇಳಬೇಡಿ.

ಅವರು ಊಟ ಮಾಡುತ್ತಿಲ್ಲ. ದಿನಕ್ಕೆ ಎರಡು ಸಲ ಅಂಚೆಪೆಟ್ಟಿಗೆ ನೋಡಿ ಬರುತ್ತಾರೆ. ಮಂಡಳಿಗೆ ಫೋನ್ ಮಾಡುತ್ತಾರೆ, ಆ ಕಡೆ ಯಾರಾದರೂ "ಹಲೋ" ಅಂದ ಕೂಡಲೇ ಇಟ್ಟುಬಿಡುತ್ತಾರೆ. ನಿನ್ನೆ ಅಂಗಳಕ್ಕೆ ಪೊಲೀಸ್ ಕಾರು ಬಂತು. ಪೊಲೀಸರೊಬ್ಬರು ತಮ್ಮ ಸ್ವಂತ ದೋಣಿಯನ್ನು ಚಳಿಗಾಲಕ್ಕೆ ನೀರಿನಿಂದ ಮೇಲೆತ್ತಿಸಬೇಕೆಂದು ಕೇಳಲು ಬಂದಿದ್ದರು, ಅಷ್ಟೆ. ಯಜಮಾನ್ತಿ ಕೋಟು ಹಾಕಿಕೊಂಡು, ಕೈಚೀಲ ಹಿಡಿದು ಹೊರಗೆ ಬಂದು ನಿಂತಿದ್ದರು. ನನ್ನನ್ನು ನೋಡಿ "ಬೆಕ್ಕಿಗೆ ಹಾಲಿಡು" ಅಂದರು. ನನಗೆ ಅಳು ತಡೆಯಲಾಗಲಿಲ್ಲ.

ರುಜು ಅವರದೇ ಎಂದು ನನಗೆ ಮೊದಲ ವರ್ಷದಿಂದ ಗೊತ್ತು. ಮೇಸ್ತ್ರಿಯವರು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ಕೈಯಿಂದ ಮಾಡಿ ತೋರಿಸುತ್ತಿದ್ದದ್ದು ಯಜಮಾನ್ತಿ. ನಾನು ಕಲಿತದ್ದೆಲ್ಲ ಅವರಿಂದ. ಪುಸ್ತಕದಲ್ಲಿ ಹಾಗೇ ಬರೆದಿದ್ದೇನೆ, ಯಾರೂ ಓದಲಿಲ್ಲ.

ಪರೀಕ್ಷೆ ಇಲ್ಲದಿದ್ದರೆ ನನಗೆ ತುಂಬ ಕಷ್ಟ, ಅದು ನಿಜ. ಮೂರು ವರ್ಷ ಇನ್ನೊಮ್ಮೆ ಮಾಡುವ ಶಕ್ತಿ ನನಗಿಲ್ಲ. ಆದರೂ ಮೊದಲು ಇವರ ಪತ್ರಕ್ಕೆ ಉತ್ತರ ಕೊಡಿ. ನೀವು ಬೇಕಂತಲೇ ಸುಮ್ಮನಿದ್ದೀರಾದರೆ ಅದು ಒಳ್ಳೆಯದಲ್ಲ.

ಗೌರವದಿಂದ,
ಟೊಮ್ಕೆ ಫ್ರೆರಿಕ್ಸ್


ಗ್ರೀಟ್‌ಹೂಜನ್
೧೬ ಅಕ್ಟೋಬರ್

ಇಂಕೆನ್,

ಸುಮ್ಮನಿರಲಿಲ್ಲ. ಕೇಳಿಕೊಂಡು ಬರಲು ಹೊತ್ತು ಹಿಡಿಯಿತು.

ಆರ್ಯಾನ್, ಬೋಯೆ ವಿಷಯ: ಹೆಸರು ಹೇಳದೆ ಇಬ್ಬರು ತಿಳಿದವರನ್ನು ಕೇಳಿದೆ. ಇಬ್ಬರೂ ಒಂದೇ ಮಾತು ಹೇಳಿದರು. ಪರೀಕ್ಷಕರ ಮುಂದೆ ತಮ್ಮ ಕೈಯಾರೆ ದೋಣಿ ಕಟ್ಟಿ ತೋರಿಸಿ ಪಾಸಾದವರು ಅವರು. ಬೇರೆಯವರ ರುಜುವಿಗಾಗಿ ಅದನ್ನು ಕಿತ್ತುಕೊಳ್ಳುವುದಿಲ್ಲ. ಆ ಭಯ ಬಿಡು.

ಮಂಡಳಿಯಲ್ಲಿ ಅಪ್ರೆಂಟಿಸ್‌ಗಳ ವಿಷಯ ನೋಡುವ ಬ್ರೋಡರ್‌ಸೆನ್ ಎಂಬ ಹೆಂಗಸಿನ ಹತ್ತಿರ ನಿನ್ನ ಹೆಸರಲ್ಲಿ ಸಮಯ ತೆಗೆದುಕೊಂಡಿದ್ದೇನೆ. ಮಂಗಳವಾರ ಇಪ್ಪತ್ತಮೂರು, ಹನ್ನೊಂದು ಗಂಟೆ. ಫೋನಿನಲ್ಲಿ "ಹಲೋ" ಎನ್ನುವವಳು ಅವಳೇ. ಸಿಡುಕಿಯಲ್ಲ.

ಸೋಮವಾರ ಹತ್ತೂ ನಲವತ್ತರ ರೈಲಿಗೆ ಬರುತ್ತೇನೆ. ಮರುದಿನ ಅಲ್ಲ, ಮುಂಚಿನ ದಿನ. ನಿನ್ನ ಬೈಗುಳ ಸರಿಯಾಗಿತ್ತು.

ಊಟ ಮಾಡು.

ಫೋಲ್ಕರ್ಟ್


ಯೋರ್ಸ್‌ಬಿ
೨೬ ಅಕ್ಟೋಬರ್

ಫೋಲ್ಕರ್ಟ್,

ನೀನು ಈಗ ಊರಿಗೆ ಹೋಗಿದ್ದೀಯ, ಮನೆಗೆ ಬೀಗ ಹಾಕಿ, ಉಪಕರಣ ಕಟ್ಟಿಕೊಂಡು ಬುಧವಾರದ ಹೊತ್ತಿಗೆ ತಿರುಗಿ ಬರುವವನು. ಬಂದ ಮೇಲೆ ಇದನ್ನು ಎದುರಿಗೆ ಹೇಳಲು ನನ್ನಿಂದಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಂಗಳವಾರ ಕಾರಿನಲ್ಲಿ ನೀನು "ಒಳಗಡೆ ಅಷ್ಟೊತ್ತು ಏನ್ ಮಾಡ್ತಿದ್ದೆ?" ಎಂದು ಕೇಳಿದಾಗ, ಜೆರಾಕ್ಸ್ ಮಿಷಿನ್ ಕೆಟ್ಟಿತ್ತು ಅಂದೆ. ಕೆಟ್ಟಿರಲಿಲ್ಲ.

ಮುಖ್ಯವಾದದ್ದನ್ನು ನಿನಗೆ ಹೇಳಿದ್ದೇನೆ. ಟೊಮ್ಕೆ ಪರೀಕ್ಷೆಗೆ ಕೂರಬಹುದು. "ತಪ್ಪು ಮಾಡಿದ್ದು ಕೆಲಸ ಕೊಟ್ಟೋರು. ಕಲಿಯೋಕೆ ಬಂದ ಹುಡುಗಿ ಯಾಕೆ ಅನುಭವಿಸ್ಬೇಕು?" ಎಂದು ಬ್ರೋಡರ್‌ಸೆನ್ ಹೇಳಿದ್ದನ್ನು ಅವಳಿಗೆ ಮೂರು ಸಲ ಹೇಳಿದೆ. ಮೂರನೇ ಸಲ ಅವಳು ಮೇಜಿಗೆ ತಲೆಯಿಟ್ಟು ಅತ್ತಳು. ನನ್ನ ಕಾಗದಗಳು ಸರ್ಕಾರಿ ವಕೀಲರಿಗೆ ಹೋಗುತ್ತವೆ, ಅದನ್ನು ತಡೆಯಲು ತನ್ನಿಂದಾಗದು ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು. ಹಾಗಾಗಿ ಹೆದರಿಕೆ ಹೋಗಿಲ್ಲ. ಈಗಲೂ ಗೇಟಿನ ಸದ್ದಾದರೆ ಕಿಟಕಿಗೆ ಓಡುತ್ತೇನೆ.

ಹೇಳದೆ ಉಳಿದದ್ದು ಇಷ್ಟು. ಎಲ್ಲ ಮುಗಿದ ಮೇಲೆ ಆಕೆ ಒಂದು ಹಾಳೆ ಟೈಪು ಮಾಡಿ ಓದಿದಳು: ಇಂಕೆನ್ ಆಸ್ಮುಸೆನ್ ಆದ ನಾನು, ನನ್ನ ಗಂಡನ ಹೆಸರಿನಲ್ಲಿ ರುಜು ಹಾಕಿರುತ್ತೇನೆ, ಅವನು ತೀರಿಕೊಂಡ ಮೇಲೂ ಹಾಕಿರುತ್ತೇನೆ. ಪೆನ್ನು ಕೊಟ್ಟು, "ಇಲ್ಲಿ ಹಾಕಿ" ಅಂದಳು. ಹಾಕಿದೆ.

ಆಕೆ ಹಾಳೆ ತಿರುಗಿಸಿಕೊಂಡು ನೋಡಿ, ಮತ್ತೆ ನನ್ನ ಕಡೆ ಸರಿಸಿದಳು. ನಾನೂ ನೋಡಿದೆ. ಡಿ. ಆಸ್ಮುಸೆನ್. ಉದ್ದ ಬಾಲ.

ಈಗ ಪೊಲೀಸರನ್ನೇ ಕರೆಯುತ್ತಾಳೆ ಅಂದುಕೊಂಡೆ. "ನಂಗೆ ಗೊತ್ತಿಲ್ಲದೆ ಬಂತು, ದೇವರಾಣೆ ಗೊತ್ತಿಲ್ಲದೆ ಬಂತು" ಎಂದು ಅದೊಂದನ್ನೇ ಹೇಳುತ್ತಿದ್ದೆನಂತೆ. ಆಕೆ ಎದ್ದು ಬಂದು ನನ್ನ ಕುರ್ಚಿಯ ಪಕ್ಕ ನಿಂತಳು. "ಇರ್ಲಿ ಬಿಡಿ. ಇನ್ನೊಂದು ಪ್ರಿಂಟ್ ತೆಗೀತೀನಿ. ಅವಸರ ಇಲ್ಲ" ಅಂದಳು.

ಎರಡನೇ ಹಾಳೆಗೆ ಹೊತ್ತು ಹಿಡಿಯಿತು. ನನ್ನ ರುಜು ಹೇಗಿತ್ತೆಂದು ಕೈಗೆ ನೆನಪಿರಲಿಲ್ಲ. ಬ್ಯಾಂಕು, ಅಂಚೆ, ಮರದ ವ್ಯಾಪಾರಿ, ಎಲ್ಲ ಕಡೆ ಇಷ್ಟು ವರ್ಷ ಅವನಾಗಿಯೇ ಬರೆದಿದ್ದೆ. ಶಾಲೆಗೆ ಸೇರಿದ ಮಗುವಿನ ಹಾಗೆ ಒಂದೊಂದೇ ಅಕ್ಷರ ಬರೆದೆ. ಮಣ್ಣು ಮಾಡಿದ ದಿನ ನಾನು ಅತ್ತಿರಲಿಲ್ಲ, ಊರವರು ಅದನ್ನೂ ಆಡಿಕೊಂಡಿದ್ದರು. ನನ್ನ ಹೆಸರಿನ ಮುಂದೆ ಅವನ ಡಿ ಇಲ್ಲದ್ದನ್ನು ಕಂಡಾಗ ಅಳು ಬಂತು ಫೋಲ್ಕರ್ಟ್. ಬ್ರೋಡರ್‌ಸೆನ್ ಕೊಟ್ಟ ಟವೆಲು ಹಾಳು ಮಾಡಿದೆ.

ಮೊದಲ ಹಾಳೆಯನ್ನು ಆಕೆ ಹರಿಯಲು ಹೋದಳು. "ಅದನ್ನ ನಂಗೆ ಕೊಡಿ" ಅಂದೆ. ಮಡಚಿ ಕೊಟ್ಟಳು. ಅದು ನನ್ನ ಹತ್ತಿರ ಇದೆ. ಇನ್ನು ಮೇಲೆ ಆ ಹೆಸರನ್ನು ಯಾರೂ ಬರೆಯುವುದಿಲ್ಲ.

ಇಂಕೆನ್ ಆಸ್ಮುಸೆನ್